ಬೀಗದ ಕೈ ಕೊಟ್ಟರೆ ಸಾಲದು, ಬೀಗವೇ ಬದಲಾಗಬೇಕು

ಓದುಗರ ಪ್ರಶ್ನೆ:

"ಸರ್, ನಾನು ಮದ್ದೂರು ಹತ್ತಿರದ ಹಳ್ಳಿಯವಳು. ಮಂಡ್ಯದಲ್ಲಿ ಬಿ.ಕಾಂ. ಮುಗಿಸಿ ಮನೆಯಲ್ಲಿದ್ದೇನೆ. ಹನ್ನೊಂದು ತಿಂಗಳ ಹಿಂದೆ ಹೊಸದಾಗಿ ಶುರುವಾದ ಒಂದು ಕನ್ನಡ ಆನ್‌ಲೈನ್ ಬಳಗ ಸೇರಿದೆ. ಅಲ್ಲಿ ಬರಹ, ಫೋಟೊ ಹಾಕಿದರೆ ಓದುಗರ ಮತ ನೋಡಿ ಬಳಗದ್ದೇ ಕಾಯಿನ್ ಕೊಡುತ್ತಾರೆ. ಆಲೆಮನೆ, ನಮ್ಮೂರ ಅಡುಗೆ, ಹಬ್ಬದ ಬಗ್ಗೆ ಬರೆದು 22,000 ಕಾಯಿನ್ ಗಳಿಸಿದೆ. ಕಬ್ಬಿನ ದುಡ್ಡು ಬಂದಾಗ ಅಪ್ಪ ಕೊಟ್ಟ 18,000 ರೂಪಾಯಿಗೆ ಇನ್ನೂ 18,000 ಕಾಯಿನ್ ಕೊಂಡೆ. ಇದರಲ್ಲಿ 26,000 ಲಾಕ್ ಆಗಿದೆ, ಅಂದರೆ ಅದಕ್ಕೆ ಮತದ ತೂಕ ಸಿಗುತ್ತದೆ, ಆದರೆ ಬಿಡಿಸುವವರೆಗೆ ಮಾರುವ ಹಾಗಿಲ್ಲ. ಬಿಡಿಸಿದರೆ ವಾರಕ್ಕೆ 2,000ದಂತೆ 13 ವಾರ ಹಿಡಿಯುತ್ತದೆ. ಚಿಕ್ಕಮ್ಮ ನನ್ನನ್ನು ನಂಬಿ ಕಳಿಸಿದ 10,000 ರೂಪಾಯಿಯ ಕಾಯಿನ್ ಕೂಡ ನನ್ನ ವಾಲೆಟ್‌ನಲ್ಲೇ ಇದೆ.

ಮೈಸೂರಿನ ನಮ್ಮ ಸ್ಥಾಪಕರು ಕಳೆದ ವಾರ 'ಮುಂದಿನ ತಿಂಗಳಿಂದ ನಾನಿರಲ್ಲ, ನೀವೇ ನಡೆಸಿಕೊಂಡು ಹೋಗಿ' ಎಂದು ಬರೆದರು. ಒಂದು ರೂಪಾಯಿ ಇದ್ದ ಕಾಯಿನ್ ಅರವತ್ತು ಪೈಸೆಗೆ ಇಳಿಯಿತು. ಕೆಲವರು 'ದುಡ್ಡು ಹೊಡೆದು ಓಡಿಹೋದ' ಅನ್ನುತ್ತಾರೆ. ಕೆಲವರು 'ಬಿಟ್‌ಕಾಯಿನ್ ಮಾಡಿದವನೂ ಹೀಗೇ ಹೋದ, ಇದು ಒಳ್ಳೇದೇ' ಅನ್ನುತ್ತಾರೆ. ಜೊತೆಗೆ, ಆಡಳಿತ ನೋಡಿಕೊಳ್ಳುವ ಮೂವರಲ್ಲಿ ಒಬ್ಬಳಾಗು ಎಂದು ನನ್ನನ್ನು ಕೇಳುತ್ತಿದ್ದಾರೆ. ಮಾರಲಾ, ಇರಲಾ? ಚಿಕ್ಕಮ್ಮನಿಗೆ ಏನು ಹೇಳಲಿ?"

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ದುಡ್ಡಿಗಿಂತ ಚಿಕ್ಕಮ್ಮನ ದುಡ್ಡಿನ ಚಿಂತೆಯೇ ನಿಮಗೆ ಜಾಸ್ತಿ ಇದ್ದಂತಿದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ, ಸ್ಥಾಪಕರು ಹೊರಡುವ ಮುಂಚೆಯೇ ಆಗಬೇಕಾದದ್ದು.

ಇಂಥ ಸಣ್ಣ ಕಾಯಿನ್ ಬಳಗಗಳ ಕೋಡ್, ವಾಲೆಟ್, ವಾಲೆಟ್ ತೆರೆಯುವ ಕೀಗಳನ್ನು ಪರಿಶೀಲಿಸುವುದು ಮೈಸೂರಿನಲ್ಲಿ ಕೂತು ನಾನು ಮಾಡುವ ಕೆಲಸ. ಹೆಚ್ಚಿನವರು ನನ್ನನ್ನು ಕರೆಯುವುದು ಸ್ಥಾಪಕರು ಹೋದ ಮೇಲೆ. ಆಗ ಕೈಯಲ್ಲಿ ಉಳಿದಿರುವುದು ಕಡಿಮೆ. ನಿಮಗೆ ಇನ್ನೂ ಮೂರು ವಾರ ಸಮಯವಿದೆ. ಅದು ದೊಡ್ಡದು.

ನಿಮ್ಮ ಬಳಗದಲ್ಲಿ ಈಗ ನಡೆಯುತ್ತಿರುವ ಜಗಳ "ಅವರು ಯಾಕೆ ಹೋಗುತ್ತಿದ್ದಾರೆ" ಅನ್ನುವುದರ ಮೇಲೆ. ಅದರಿಂದ ಏನೂ ತಿಳಿಯುವುದಿಲ್ಲ. ದಣಿದಿರಬಹುದು, ಬೇರೆ ಕೆಲಸ ಸಿಕ್ಕಿರಬಹುದು, ಮನೆಯಲ್ಲಿ ಕಷ್ಟವಿರಬಹುದು. ಒಳ್ಳೆಯ ಮನಸ್ಸಿನಿಂದ ಹೊರಟವರಿಂದಲೂ ಬಳಗ ಮುಳುಗಿದ್ದನ್ನು ನಾನು ನೋಡಿದ್ದೇನೆ. ನೀವು ಕೇಳಬೇಕಾದದ್ದು ಬೇರೆ. ಅವರು ಹೋಗುವಾಗ ಏನೇನು ಅವರ ಜೊತೆ ಹೋಗುತ್ತದೆ?

ನಿಮ್ಮೂರ ಹಾಲಿನ ಡೇರಿಯನ್ನು ನೆನೆಸಿಕೊಳ್ಳಿ. ಕಾರ್ಯದರ್ಶಿ ಕೆಲಸ ಬಿಟ್ಟರೆ ಮಾರನೇ ದಿನ ಹಾಲು ಅಳೆಯುವುದು ನಿಲ್ಲುತ್ತದಾ? ಇಲ್ಲ. ಕಟ್ಟಡ, ಫ್ಯಾಟ್ ನೋಡುವ ಯಂತ್ರ, ಲೆಕ್ಕದ ಪುಸ್ತಕ, ಬ್ಯಾಂಕ್ ಖಾತೆ ಎಲ್ಲವೂ ಸಂಘದ ಹೆಸರಲ್ಲಿವೆ. ಚೆಕ್ಕಿಗೆ ಒಬ್ಬರ ಸಹಿ ಸಾಲದು. ಹಾಲು ಕೊಳ್ಳುವುದು ಗೆಜ್ಜಲಗೆರೆಯ ಒಕ್ಕೂಟ, ಕಾರ್ಯದರ್ಶಿ ಅಲ್ಲ. ನಿಮ್ಮ ಕಾಯಿನ್ ಬಳಗ ಹಾಗಿದೆಯಾ? ಹೆಚ್ಚಿನ ಹೊಸ ಬಳಗಗಳಲ್ಲಿ ಇದೆಲ್ಲ ಒಬ್ಬರ ಲ್ಯಾಪ್‌ಟಾಪಿನಲ್ಲೇ ಇರುತ್ತದೆ.

ಬಿಟ್‌ಕಾಯಿನ್ ಹೋಲಿಕೆ ಯಾಕೆ ಸರಿಯಲ್ಲ ಅನ್ನುವುದೂ ಇಲ್ಲೇ ಗೊತ್ತಾಗುತ್ತದೆ. ಸತೋಶಿ ನಕಮೊಟೊ ಎಂಬ ಹೆಸರಿನವರು 2009ರ ಜನವರಿಯಲ್ಲಿ ಬಿಟ್‌ಕಾಯಿನ್ ಶುರು ಮಾಡಿದರು. 2010ರ ಕೊನೆಗೆ ಎಲ್ಲರೆದುರು ಬರೆಯುವುದನ್ನು ನಿಲ್ಲಿಸಿದರು, 2011ರಲ್ಲಿ ಪೂರ್ತಿ ಮರೆಯಾದರು. ಆದರೂ ಅದು ನಡೆಯಿತು. ಯಾಕೆಂದರೆ ಅಲ್ಲಿ ಅವರೊಬ್ಬರ ಸರ್ವರ್ ಇರಲಿಲ್ಲ. ಹೊಸ ಕಾಯಿನ್ ಮನಸ್ಸಿಗೆ ಬಂದಂತೆ ಮುದ್ರಿಸುವ ಅಧಿಕಾರ ಯಾರ ಕೈಯಲ್ಲೂ ಇರಲಿಲ್ಲ. ಕೋಡ್ ಎಲ್ಲರಿಗೂ ತೆರೆದಿತ್ತು. ಅವರದೆಂದು ಅಂದಾಜು ಮಾಡುವ ಸುಮಾರು ಹತ್ತು ಲಕ್ಷ ಬಿಟ್‌ಕಾಯಿನ್ ಇಂದಿಗೂ ಕದಲಿಲ್ಲ. ಈ ನಾಲ್ಕೂ ನಿಮ್ಮ ಬಳಗಕ್ಕೆ ಹೊಂದಿದರೆ ಮಾತ್ರ ಆ ಮಾತು ಹೇಳಬಹುದು.

ನಿಮಗೆ ನಿಜವಾಗಿ ಹತ್ತಿರದ ಉದಾಹರಣೆ ಸ್ಟೀಮ್. ಬರೆದವರಿಗೆ, ಮತ ಹಾಕಿದವರಿಗೆ ಕಾಯಿನ್ ಕೊಡುವ ಪದ್ಧತಿಯಲ್ಲಿ 2016ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ನೆಡ್ ಸ್ಕಾಟ್ ಮತ್ತು ಡ್ಯಾನ್ ಲಾರಿಮರ್ ಸ್ಥಾಪಕರು. ನಿಮ್ಮ 13 ವಾರದ ನಿಯಮ ಕೂಡ ಅಲ್ಲಿಯದರಂತೆಯೇ ಇದೆ. ಮೊದಲು ಅಲ್ಲಿ ಲಾಕ್ ಮಾಡಿದ್ದು ಪೂರ್ತಿ ಬಿಡಿಸಲು ಎರಡು ವರ್ಷ ಹಿಡಿಯುತ್ತಿತ್ತು, ಆಮೇಲೆ ಅದನ್ನು 13 ವಾರಕ್ಕೆ ಇಳಿಸಿದರು.

ಒಂದೇ ವರ್ಷದಲ್ಲಿ, 2017ರ ಮಾರ್ಚ್‌ನಲ್ಲಿ, ಲಾರಿಮರ್ ಹೊರಟರು. ತಂತ್ರಜ್ಞಾನವನ್ನು ಮುಖ್ಯವಾಗಿ ಕಟ್ಟಿದವರೇ ಅವರು. ಎಲ್ಲ ಮುಗಿಯಿತು ಎಂದು ಹೆದರಿದವರಿದ್ದರು. ಆದರೆ ಸ್ಟೀಮ್ ನಿಲ್ಲಲಿಲ್ಲ. ಕೋಡ್ ತೆರೆದಿತ್ತು, ನೋಡ್, ಅಂದರೆ ಲೆಕ್ಕ ಇಡುವ ಕಂಪ್ಯೂಟರ್‌ಗಳನ್ನು ನಡೆಸಲು ಸದಸ್ಯರು ಮತ ಹಾಕಿ ಆರಿಸಿದ ಪ್ರತಿನಿಧಿಗಳು ಬೇರೆ ಬೇರೆ ದೇಶಗಳಲ್ಲಿದ್ದರು. ಪೆಟ್ಟು ಬಿದ್ದದ್ದು ಮೂರು ವರ್ಷದ ನಂತರ, ಬೇರೆ ಕಡೆಯಿಂದ. ಶುರುವಿನಲ್ಲೇ ಕಂಪನಿ ತನಗಾಗಿ ಬಹಳ ಕಾಯಿನ್ ತೆಗೆದಿಟ್ಟುಕೊಂಡಿತ್ತು. "ಇದು ಬಳಗದ ಬೆಳವಣಿಗೆಗೆ, ಇದರಿಂದ ಮತ ಹಾಕುವುದಿಲ್ಲ" ಎಂಬ ಮಾತಿತ್ತು. ಕೋಡ್‌ನಲ್ಲಿ ಆ ನಿಯಮ ಇರಲಿಲ್ಲ, ಬರೀ ಮಾತು. 2020ರ ಫೆಬ್ರವರಿಯಲ್ಲಿ ಕಂಪನಿಯನ್ನು ಟ್ರಾನ್ ಕಾಯಿನ್‌ನ ಜಸ್ಟಿನ್ ಸನ್ ಅವರಿಗೆ ಮಾರಿದರು. ಕಂಪನಿ ಜೊತೆ ಆ ಕಾಯಿನ್ ರಾಶಿಯೂ ಹೋಯಿತು.

ಪ್ರತಿನಿಧಿಗಳು ಗಾಬರಿಯಾಗಿ ಆ ರಾಶಿಯನ್ನು ತಾತ್ಕಾಲಿಕವಾಗಿ ತಡೆದರು. ಮಾರ್ಚ್ ಮೊದಲ ವಾರದಲ್ಲಿ ಕೆಲವು ದೊಡ್ಡ ಎಕ್ಸ್‌ಚೇಂಜ್‌ಗಳು, ಅಂದರೆ ಕಾಯಿನ್ ಕೊಂಡು ಮಾರುವ ತಾಣಗಳು, ಗ್ರಾಹಕರು ಇಟ್ಟಿದ್ದ ಕಾಯಿನ್‌ಗಳನ್ನು ಲಾಕ್ ಮಾಡಿ, ಅದರ ಬಲದಿಂದ ಮತ ಹಾಕಿ ಆ ಪ್ರತಿನಿಧಿಗಳನ್ನೇ ಕೆಳಗಿಳಿಸಿದವು. ತಮ್ಮ ಕಾಯಿನ್ ಹೀಗೆ ಬಳಕೆಯಾಗುತ್ತಿದೆ ಎಂದು ಗ್ರಾಹಕರಿಗೆ ಗೊತ್ತೇ ಇರಲಿಲ್ಲ. ಕೊನೆಗೆ 2020ರ ಮಾರ್ಚ್ 20ರಂದು ಬಳಗದ ದೊಡ್ಡ ಭಾಗ ಕೋಡ್ ನಕಲು ಮಾಡಿಕೊಂಡು ಹೈವ್ ಎಂಬ ಹೊಸ ಚೈನ್, ಅಂದರೆ ಎಲ್ಲರಿಗೂ ಕಾಣುವ ಕಾಯಿನ್ ಲೆಕ್ಕದ ಜಾಲ, ಕಟ್ಟಿಕೊಂಡಿತು. ಸ್ಟೀಮ್ ಇದ್ದ ಹೆಚ್ಚಿನವರಿಗೆ ಅಷ್ಟೇ ಹೈವ್ ಕೊಟ್ಟರು. ಕಂಪನಿಯ ರಾಶಿಗೆ ಕೊಡಲಿಲ್ಲ.

ಇದನ್ನು ಇಷ್ಟು ಉದ್ದ ಹೇಳಲು ಕಾರಣವಿದೆ. ಸ್ಥಾಪಕರು ಹೋದದ್ದರಿಂದ ಸ್ಟೀಮ್ ಒಡೆಯಲಿಲ್ಲ. ಸ್ಥಾಪಕರ ಕಾಲದ ಕಾಯಿನ್ ರಾಶಿ ಯಾರ ಕೈಯಲ್ಲಿರಬೇಕು ಎಂದು ಯಾರೂ ಗಟ್ಟಿಯಾಗಿ ಬರೆದಿಡದೇ ಇದ್ದುದರಿಂದ ಒಡೆಯಿತು.

ಕೆಲಸ ಬಿಡುವುದು, ಕಾಯಿನ್ ಬಿಡುವುದು ಒಂದೇ ಅಲ್ಲ, ಇದನ್ನೂ ಗಮನಿಸಿ. ಲೈಟ್‌ಕಾಯಿನ್ ಕಟ್ಟಿದ ಚಾರ್ಲಿ ಲೀ 2017ರ ಡಿಸೆಂಬರ್‌ನಲ್ಲಿ ತಮ್ಮ ಲೈಟ್‌ಕಾಯಿನ್ ಎಲ್ಲ ಮಾರಿದ್ದಾಗಿಯೋ ದಾನ ಮಾಡಿದ್ದಾಗಿಯೋ ಹೇಳಿದರು, ಆದರೆ ಕೆಲಸ ಮುಂದುವರಿಸಿದರು. ನಿಮ್ಮ ಸ್ಥಾಪಕರು ಕೆಲಸ ಬಿಡುತ್ತಿದ್ದಾರೆ. ಕಾಯಿನ್ ಬಗ್ಗೆ ಏನೂ ಹೇಳಿಲ್ಲ, ಅಲ್ವಾ? ನನಗೆ ಆತಂಕ ಇರುವುದು ಅಲ್ಲೇ.

ಯಾಕೆ ಅಂತ ಒಂದು ಲೆಕ್ಕದಲ್ಲಿ ಹೇಳುತ್ತೇನೆ. ನೀವು ಬಿ.ಕಾಂ., ನಿಮಗೆ ಸುಲಭ. ಸಣ್ಣ ಕಾಯಿನ್‌ಗಳ ಬೆಲೆ ನಿಂತಿರುವುದು ಒಂದು ಪೂಲ್ ಮೇಲೆ, ಅಂದರೆ ಕೊಳ್ಳುವವರು ಮಾರುವವರು ಬದಲಿಸಿಕೊಳ್ಳಲೆಂದು ಕಾಯಿನ್, ದುಡ್ಡು ಎರಡನ್ನೂ ಕೂಡಿಟ್ಟ ನಿಧಿಯ ಮೇಲೆ. ಒಂದು ಪೂಲ್‌ನಲ್ಲಿ 10 ಲಕ್ಷ ಕಾಯಿನ್ ಮತ್ತು 10 ಲಕ್ಷ ರೂಪಾಯಿ ಬೆಲೆಯ ಡಾಲರ್ ಟೋಕನ್ (ಡಾಲರ್ ಬೆಲೆಗೆ ಕಟ್ಟಿದ ಕಾಯಿನ್) ಇದೆ ಎನ್ನಿ. ಕಾಯಿನ್‌ಗೆ ಒಂದು ರೂಪಾಯಿ. ಎರಡನ್ನೂ ಗುಣಿಸಿದರೆ ಬರುವ ಸಂಖ್ಯೆ ಬದಲಾಗಬಾರದು, ಇದು ಪೂಲ್‌ನ ನಿಯಮ. ಈಗ ಸ್ಥಾಪಕರು ತಮ್ಮ 10 ಲಕ್ಷ ಕಾಯಿನ್ ಅದಕ್ಕೆ ಸುರಿದರೆ ಅಲ್ಲಿ 20 ಲಕ್ಷ ಕಾಯಿನ್, 5 ಲಕ್ಷ ರೂಪಾಯಿ ಉಳಿಯುತ್ತದೆ. ಅವರು 5 ಲಕ್ಷ ತೆಗೆದುಕೊಂಡು ಹೋದರು. ಬೆಲೆ ಒಂದು ರೂಪಾಯಿಯಿಂದ 25 ಪೈಸೆಗೆ ಬಂತು. ಮೊದಲೇ ಮಾರಿದ್ದರೆ ನಿಮ್ಮ 40,000 ಕಾಯಿನ್‌ಗೆ ಸುಮಾರು 38,460 ರೂಪಾಯಿ ಸಿಗುತ್ತಿತ್ತು. ಅವರ ನಂತರ ಮಾರಿದರೆ ಸುಮಾರು 9,800. ಒಬ್ಬರೇ ಒಬ್ಬರು ಒಂದೇ ಸಲ ಮಾರಿದ್ದಕ್ಕೆ ಇಷ್ಟು. ಇನ್ನೂ ಒಂದು ದಾರಿಯಿದೆ. ಪೂಲ್‌ಗೆ ದುಡ್ಡು ಹಾಕಿದವರು ಅವರೇ ಆಗಿದ್ದರೆ, ಆ ದುಡ್ಡನ್ನೇ ವಾಪಸ್ ತೆಗೆಯಬಹುದು. ಆಗ ಪರದೆ ಮೇಲೆ ಬೆಲೆ ಕಾಣುತ್ತದೆ, ಮಾರಲು ಹೋದರೆ ಕೊಳ್ಳುವವರಿಲ್ಲ.

ಆದ್ದರಿಂದ ಸ್ಥಾಪಕರ ವಾಲೆಟ್ ವಿಳಾಸ ಯಾವುದು, ಅದರಲ್ಲಿ ಎಷ್ಟಿದೆ, ಪೂಲ್‌ನಲ್ಲಿ ಅವರ ಪಾಲೆಷ್ಟು ಅನ್ನುವುದನ್ನು ಮೊದಲು ನೋಡಿ. ಎಕ್ಸ್‌ಪ್ಲೋರರ್‌ನಲ್ಲಿ, ಅಂದರೆ ವಾಲೆಟ್‌ಗಳ ಲೆಕ್ಕ ತೋರಿಸುವ ಸೈಟ್‌ನಲ್ಲಿ, ಯಾರು ಬೇಕಾದರೂ ನೋಡಬಹುದು. "ಅವರದು ಲಾಕ್ ಆಗಿದೆ" ಎಂದು ಯಾರಾದರೂ ಹೇಳಿದರೆ ಎಲ್ಲಿಯವರೆಗೆ ಎಂದು ಕೇಳಿ. ತಾರೀಖು ಮುಂದಿನ ತಿಂಗಳದ್ದೇ ಇದ್ದರೆ ಅದು ಲಾಕ್ ಇದ್ದೂ ಇಲ್ಲದಂತೆ.

ಇನ್ನು ಕೀ ವಿಷಯ. ಎಲ್ಲರೂ ಎಡವುವುದು ಇಲ್ಲೇ.

"ಹೋಗುವ ದಿನ ಎಲ್ಲ ಪಾಸ್‌ವರ್ಡ್, ಕೀ ನಿಮಗೆ ಕೊಟ್ಟು ಹೋಗುತ್ತೇನೆ" ಎಂದು ಅವರು ಹೇಳಬಹುದು. ಪ್ರಾಮಾಣಿಕವಾಗಿಯೇ ಹೇಳಬಹುದು. ಡೇರಿ ಬೀಗದ ಕೈ ಕೊಟ್ಟರೆ ಕಾರ್ಯದರ್ಶಿ ಹತ್ತಿರ ಅದು ಇರುವುದಿಲ್ಲ. ಆದರೆ ಕ್ರಿಪ್ಟೊ ಕೀ ಅಂದರೆ ಒಂದು ಸಂಖ್ಯೆ, ಇಲ್ಲವೇ 12 ಅಥವಾ 24 ಪದಗಳ ಸಾಲು. ಕೊಟ್ಟ ಮೇಲೂ ಕೊಟ್ಟವರ ಹತ್ತಿರ ನಕಲು ಇದ್ದೇ ಇರುತ್ತದೆ. ಆರು ತಿಂಗಳ ನಂತರ ದುಡ್ಡು ಹೋದರೆ ಯಾರು ತೆಗೆದರು ಎಂದು ದೇವರಿಗೇ ಗೊತ್ತು. ಎಲ್ಲರೂ ಎಲ್ಲರನ್ನೂ ಅನುಮಾನಿಸುತ್ತಾರೆ. ಅದಕ್ಕೆ ಹಳೆಯ ಕೀ ಇಸಿದುಕೊಳ್ಳಬೇಡಿ. ಹೊಸದೊಂದು ಮಲ್ಟಿಸಿಗ್ ವಾಲೆಟ್ ಮಾಡಿ, ಅಂದರೆ ಮೂವರಲ್ಲಿ ಇಬ್ಬರು ಒಪ್ಪಿದರೆ ಮಾತ್ರ ತೆರೆಯುವಂಥದ್ದು. ಬಳಗದ ನಿಧಿ, ಹೊಸ ಕಾಯಿನ್ ಮುದ್ರಿಸುವ ಅಧಿಕಾರ, ಕೋಡ್ ಬದಲಿಸುವ ಅಧಿಕಾರ, ಖಾತೆ ತಡೆಯುವ ಅಧಿಕಾರ ಇದ್ದರೆ ಅದು, ಇವೆಲ್ಲವನ್ನೂ ಆ ಹೊಸ ವಾಲೆಟ್ ಹೆಸರಿಗೆ ಅವರೇ ಚೈನ್ ಮೇಲೆ ವರ್ಗಾಯಿಸಲಿ. ಆ ವರ್ಗಾವಣೆ ಎಲ್ಲರಿಗೂ ಕಾಣುತ್ತದೆ. ಹೊರಡುವವರಿಗೂ ಇದು ಕ್ಷೇಮ. ನಾಳೆ ಅವರ ಮೇಲೆ ಯಾರೂ ಬೆರಳು ತೋರಿಸಲಾರರು. ಇದನ್ನು ಅವರಿಗೆ ಹಾಗೆಯೇ ಹೇಳಿ, ಆರೋಪದಂತೆ ಹೇಳಬೇಡಿ. ನಾನು ಕಂಡ ಮಟ್ಟಿಗೆ, ಒಳ್ಳೆಯ ಮನಸ್ಸಿನಿಂದ ಹೋಗುವವರು ತಕ್ಷಣ ಒಪ್ಪುತ್ತಾರೆ. ಪದೇ ಪದೇ ಮುಂದೂಡುವವರ ಬಗ್ಗೆ ಎಚ್ಚರವಾಗಿರಬೇಕು.

ಡೊಮೈನ್ (ಸೈಟ್‌ನ ವಿಳಾಸದ ಹೆಸರು), ಸರ್ವರ್, ಫೋಟೊಗಳನ್ನು ಇಟ್ಟಿರುವ ಖಾತೆ ಇವು ಸಣ್ಣ ವಿಷಯ ಅನ್ನಿಸುತ್ತದೆ. ನಾನು ನೋಡಿಕೊಂಡ ಒಂದು ಬಳಗದಲ್ಲಿ ನಿಧಿಯ ಕೀ ಎಲ್ಲ ಸರಿಯಾಗಿ ಬದಲಿಸಿದ್ದೆವು. ಡೊಮೈನ್ ಮಾತ್ರ ಸ್ಥಾಪಕರ ಹಳೆಯ ಕಾರ್ಡ್‌ಗೆ ಜೋಡಿಸಿತ್ತು. ಕಾರ್ಡ್ ಅವಧಿ ಮುಗಿದು ನವೀಕರಣ ಆಗಲಿಲ್ಲ. ಒಂದು ಬೆಳಿಗ್ಗೆ ಸೈಟ್ ತೆರೆಯಲಿಲ್ಲ. "ಮೋಸ" ಎಂದು ಸುದ್ದಿ ಹಬ್ಬಿ, ಎರಡು ದಿನದಲ್ಲಿ ಜನ ಸಿಕ್ಕಿದ ಬೆಲೆಗೆ ಮಾರಿದರು. ಆ ಪಟ್ಟಿಯನ್ನು ನಾನೇ ಕೇಳಿ ಬರೆಸಬೇಕಿತ್ತು, ಬರೆಸಲಿಲ್ಲ. ಇವತ್ತಿಗೂ ಬೇಜಾರಿದೆ. ನೀವು ಬರೆಸಿ.

ಇಷ್ಟೆಲ್ಲ ಸರಿಯಾಗಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ನಿಮ್ಮ ಕಾಯಿನ್ ಕೊಳ್ಳುವವರು ಯಾರು? ಹಾಲಿಗೆ ದುಡ್ಡು ಬರುವುದು ಅದನ್ನು ಕುಡಿಯುವವರು ಇರುವುದರಿಂದ. ನಿಮ್ಮ ಬರಹಕ್ಕೆ ಕೊಟ್ಟ 22,000 ಕಾಯಿನ್ ಹೊಸದಾಗಿ ಮುದ್ರಿಸಿದ್ದು. ಅದಕ್ಕೆ ಬೆಲೆ ಬರಬೇಕಾದರೆ ಹೊರಗಿನಿಂದ ದುಡ್ಡು ಒಳಗೆ ಬರಬೇಕು. ಜಾಹೀರಾತಾಗಲಿ, ಚಂದಾ ಆಗಲಿ, ಯಾವುದಾದರೂ. ಹೊಸ ಸದಸ್ಯರು ಕೊಳ್ಳುವುದರಿಂದ ಮಾತ್ರ ಬೆಲೆ ನಿಂತಿದ್ದರೆ, ಸದಸ್ಯರು ಬರುವುದು ನಿಂತ ದಿನ ಬೆಲೆಯೂ ನಿಲ್ಲುತ್ತದೆ. ಸುಮಾರು ಬಳಗಗಳಲ್ಲಿ ಬೆಲೆ ಬಿದ್ದಾಗಲೆಲ್ಲ ಸ್ಥಾಪಕರೇ ಸ್ವಂತ ದುಡ್ಡಿನಿಂದ ಕೊಂಡು ಹಿಡಿದು ನಿಲ್ಲಿಸಿರುತ್ತಾರೆ. ನಿಮ್ಮವರೂ ಹಾಗೆ ಮಾಡುತ್ತಿದ್ದರೆ, ಅವರು ಹೊರಟ ಮೇಲೆ ಆ ಕೈ ಇರುವುದಿಲ್ಲ. ಇದು ಯಾರ ಮೋಸವೂ ಅಲ್ಲ, ಆದರೆ ನಿಮ್ಮ ದುಡ್ಡಿಗೆ ಪರಿಣಾಮ ಒಂದೇ.

ಈಗ ನೀವು ಏನು ಮಾಡಬಹುದು. ಲಾಕ್ ಆಗಿರುವ 26,000ವನ್ನು ಬಿಡಿಸಲು ಇವತ್ತೇ ಶುರು ಮಾಡಿ. ಬಿಡಿಸುವುದು ಅಂದರೆ ಮಾರುವುದಲ್ಲ. 13 ವಾರದಲ್ಲಿ ಎಲ್ಲ ಸರಿಹೋದರೆ ಮತ್ತೆ ಲಾಕ್ ಮಾಡಬಹುದು. ನಷ್ಟವಾಗುವುದು ನಿಮ್ಮ ಮತದ ತೂಕ, ಒಂದಿಷ್ಟು ಬಹುಮಾನ. ಅದನ್ನು ಬಿಟ್ಟುಕೊಡುವುದು ಕಡಿಮೆ ಅಪಾಯ.

ಕೈಯಲ್ಲಿರುವ 14,000ದ ವಿಷಯದಲ್ಲಿ, ಅಪ್ಪನ 18,000 ರೂಪಾಯಿ ಮನೆಗೆ ಬೇಕೇ ಬೇಕು ಅನ್ನುವಂತಿದ್ದರೆ ಒಂದು ಪಾಲು ಈಗಲೇ ಮಾರಿ. ಅರವತ್ತು ಪೈಸೆಗೆ ಮಾರಿದ್ದು ನಾಳೆ ಒಂದು ರೂಪಾಯಿ ಆಗಬಹುದು, ಆ ನೋವು ಇರುತ್ತದೆ. ಹತ್ತು ಪೈಸೆಯೂ ಆಗಬಹುದು. "ಕೊಂಡ ಬೆಲೆ ಬಂದ ಮೇಲೆ ಮಾರುತ್ತೇನೆ" ಎಂದು ಕಾಯಬೇಡಿ. ನೀವು ಎಷ್ಟಕ್ಕೆ ಕೊಂಡಿರಿ ಅನ್ನುವುದು ಮಾರುಕಟ್ಟೆಗೆ ಗೊತ್ತಿಲ್ಲ.

ಮಾರುವಾಗ ಟೆಲಿಗ್ರಾಂನಲ್ಲಿ ಸಿಕ್ಕ ಯಾರಿಗೋ ಕೊಟ್ಟು ನೇರವಾಗಿ ಯುಪಿಐ ಮೂಲಕ ದುಡ್ಡು ಪಡೆಯಬೇಡಿ. ಆ ದುಡ್ಡು ಬೇರೆ ಯಾವುದೋ ಸೈಬರ್ ವಂಚನೆಯದಾಗಿದ್ದರೆ ನಿಮ್ಮ ಬ್ಯಾಂಕ್ ಖಾತೆಯನ್ನು ತಡೆಹಿಡಿಯುತ್ತಾರೆ. ಬಿಡಿಸಿಕೊಳ್ಳಲು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಡಾಲರ್ ಟೋಕನ್‌ಗೆ ಬದಲಿಸಿ, ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕದಲ್ಲಿ (ಎಫ್‌ಐಯು) ನೋಂದಣಿಯಾದ ಎಕ್ಸ್‌ಚೇಂಜ್ ಮೂಲಕವೇ ರೂಪಾಯಿ ಮಾಡಿಕೊಳ್ಳಿ. ತೆರಿಗೆ ವಿಷಯ ಚುಟುಕಾಗಿ: 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ, ಮೇಲೆ ಸೆಸ್. ಅದೇ ವರ್ಷದ ಜುಲೈನಿಂದ ಮಾರಾಟದ ಮೇಲೆ ಶೇ 1 ಟಿಡಿಎಸ್. ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವ ಹಾಗೂ ಇಲ್ಲ. ಬರೆದು ಗಳಿಸಿದ ಕಾಯಿನ್ ಸಾಮಾನ್ಯವಾಗಿ ಕೈಗೆ ಬಂದ ದಿನದ ಬೆಲೆಯಲ್ಲೇ ಆದಾಯ ಎಂದು ಲೆಕ್ಕವಾಗುತ್ತದೆ. ತಾರೀಖು, ಬೆಲೆ ಬರೆದಿಟ್ಟು ಒಬ್ಬ ಆಡಿಟರ್‌ಗೆ ತೋರಿಸಿ.

ಮೂವರಲ್ಲಿ ಒಬ್ಬರಾಗಬೇಕೇ? ಆಗಬೇಡಿ ಎನ್ನಲಾರೆ. ನಿಮ್ಮಂಥವರು ನಿಂತರೆ ಬಳಗ ಉಳಿಯಬಹುದು. ಆದರೆ ಮೇಲೆ ಹೇಳಿದ ವರ್ಗಾವಣೆ ಚೈನ್ ಮೇಲೆ ಆಗಿ, ಎಲ್ಲ ಖಾತೆಗಳ ಪಟ್ಟಿ ಬರೆದು ಬಳಗದ ಮುಂದೆ ಇಟ್ಟ ಮೇಲೆ ಮಾತ್ರ ಒಪ್ಪಿಕೊಳ್ಳಿ. ಬೇರೆ ಇಬ್ಬರು ಯಾರು, ಮುಖ ನೋಡಿದ್ದೀರಾ, ಎಲ್ಲಿರುತ್ತಾರೆ ಎಂದು ತಿಳಿದುಕೊಳ್ಳಿ. ಮೈಸೂರಿಗೆ ಒಂದು ಸಲ ಬನ್ನಿ, ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕೂತಾದರೂ ಸರಿ, ಎದುರೆದುರು ಮಾತಾಡಿ. ಹಳೆಯ ಕೀ ನಕಲನ್ನು ಮಾತ್ರ ಯಾವ ಕಾರಣಕ್ಕೂ ಇಸಿದುಕೊಳ್ಳಬೇಡಿ. ಬಳಗದ ಹೆಸರಲ್ಲಿ ಜನರಿಂದ ಹಣವನ್ನೂ ನಿಮ್ಮ ಖಾತೆಗೆ ಹಾಕಿಸಿಕೊಳ್ಳಬೇಡಿ. ಹೆಚ್ಚು ಕೊಡುತ್ತೇವೆ ಎಂದು ಹೇಳಿ ಅನುಮತಿ ಇಲ್ಲದೆ ಠೇವಣಿ ಪಡೆಯುವುದನ್ನು 2019ರ ಕೇಂದ್ರ ಕಾಯಿದೆ ನಿಷೇಧಿಸಿದೆ. ಆ ಗೆರೆ ಎಲ್ಲಿ ದಾಟುತ್ತದೆ ಎಂದು ವಕೀಲರನ್ನು ಕೇಳದೆ ಹೆಜ್ಜೆ ಇಡಬೇಡಿ.

ಈ ಗೊಂದಲದ ಹೊತ್ತಿನಲ್ಲಿ ಕಳ್ಳರು ಬರುತ್ತಾರೆ. "ಹಳೆಯ ಕಾಯಿನ್ ಕೊಟ್ಟು ಹೊಸದು ಪಡೆಯಿರಿ", "ಸ್ಥಾಪಕರಿಂದ ದುಡ್ಡು ವಾಪಸ್ ಕೊಡಿಸುತ್ತೇವೆ" ಎಂದು ಸಂದೇಶ ಬರುತ್ತದೆ. ನಿಮ್ಮ ವಾಲೆಟ್‌ನ ಆ 12 ಪದ ಕೇಳುವವರು ಯಾರೇ ಆಗಲಿ, ಸ್ಥಾಪಕರ ಹೆಸರಲ್ಲೇ ಬಂದರೂ, ಕಳ್ಳರೇ. ದುಡ್ಡು ಹೋದರೆ ಆ ಕ್ಷಣವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನಿಮ್ಮ ಆಲೆಮನೆ ಬರಹ, ಹಬ್ಬದ ಫೋಟೊಗಳನ್ನು ಇವತ್ತೇ ನಿಮ್ಮ ಕಂಪ್ಯೂಟರ್‌ಗೆ, ಒಂದು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ಸರ್ವರ್ ನಿಂತರೆ ಅವು ಹೋಗುತ್ತವೆ. ಹನ್ನೊಂದು ತಿಂಗಳು ಕೂತು ಬರೆದದ್ದು ಅದು. ಕಾಯಿನ್ ಬೆಲೆ ಏನೇ ಆಗಲಿ, ಅದನ್ನು ಕಳೆದುಕೊಳ್ಳಬೇಡಿ.

ಇನ್ನು ಚಿಕ್ಕಮ್ಮ. ಅವರಿಗೆ ಫೋನಿನಲ್ಲಿ ಹೇಳಬೇಡಿ, ಹೋಗಿ ಕೂತು ಹೇಳಿ. "ಹತ್ತು ಸಾವಿರಕ್ಕೆ ಈಗ ಆರು ಸಾವಿರದ ಹತ್ತಿರ ಬರಬಹುದು, ಇನ್ನೂ ಇಳಿಯಬಹುದು, ಏರಲೂಬಹುದು. ಮಾರಲಾ ಇಡಲಾ, ನೀವೇ ಹೇಳಿ" ಎಂದು ಕೇಳಿ. ದುಡ್ಡು ಅವರದು, ತೀರ್ಮಾನವೂ ಅವರದೇ ಆಗಲಿ. ಮಾರಿ ಅಂದರೆ ಅವತ್ತೇ ಮಾರಿ ಅವರ ಖಾತೆಗೆ ಹಾಕಿ. ಇರಲಿ ಅಂದರೆ ಅವರ ಫೋನಿನಲ್ಲೇ ಒಂದು ವಾಲೆಟ್ ಮಾಡಿ, ಅವರ ಕಾಯಿನ್ ಅಲ್ಲಿಗೆ ಕಳಿಸಿ. ಪದಗಳನ್ನು ಅವರ ಕೈಯಲ್ಲೇ ಕಾಗದದ ಮೇಲೆ ಬರೆಸಿ, ಬೀರುವಿನಲ್ಲಿ ಇಡಿಸಿ. ನೀವು ಅದರ ಫೋಟೊ ತೆಗೆದುಕೊಳ್ಳಬೇಡಿ. ಉಳಿದ ನಷ್ಟವನ್ನು ನಾನು ತುಂಬಿಕೊಡುತ್ತೇನೆ ಎಂದು ಅವಸರದಲ್ಲಿ ಮಾತು ಕೊಡಬೇಡಿ. ಕೊಡಬೇಕೆಂದು ನಿಮಗೆ ಅನ್ನಿಸಿದರೆ, ಕೆಲಸ ಸಿಕ್ಕಿ ಸಂಬಳ ಬಂದ ಮೇಲೆ ಕೊಡಬಹುದು.